ಬನ್ನಿಯ ಗಂಟು, ಅಟ್ಟದ ಗಂಟು

ಶರನ್ನವರಾತ್ರಿಯು ಸಮೀಪಿಸಿತೆಂದರೆ ಕನ್ನಡಿಗರ ಮನೆಗಳಲ್ಲಿ ಘಂಟಾನಾದಕ್ಕಿಂತ ಮುಂಚೆ ಪೊರಕೆಯ ಸದ್ದು ಕೇಳಿಬರುತ್ತದೆ. ಘಟಸ್ಥಾಪನೆಗೆ ಮುನ್ನ ಮನೆ ಶುದ್ಧವಾಗಬೇಕು. ಮಹಾನವಮಿಯ ಆಯುಧಪೂಜೆಗೆ ಮುನ್ನ ಉಪಕರಣಗಳೆಲ್ಲ ಕೆಳಗಿಳಿದು, ಮಿಂದು, ಅರಿಸಿನ ಕುಂಕುಮಗಳನ್ನು ಧರಿಸಬೇಕು. ಮೈಸೂರು ಸೀಮೆಯವರು ಗೊಂಬೆಗಳ ಪೆಟ್ಟಿಗೆಯನ್ನು ಇಳಿಸುತ್ತಾರೆ. ಉತ್ತರ ಕರ್ನಾಟಕದವರು ತಾಮ್ರ ಹಿತ್ತಾಳೆಗಳಿಗೆ ಹುಣಿಸೆಹಣ್ಣು ಹಚ್ಚುತ್ತಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದವರೂ ಈ ಆಚಾರವನ್ನು ಬಿಟ್ಟಿಲ್ಲ. ಆದರೆ ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಈ ಶುದ್ಧೀಕರಣವು ಬಹುತೇಕ ಅಟ್ಟದ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿನ ಗಂಟನ್ನು ಇಳಿಸಿ, ಬಿಚ್ಚಿ, ಧೂಳು ಕೊಡವಿ, ಒಂದು ನಿಟ್ಟುಸಿರಿನೊಡನೆ ಮತ್ತೆ ಕಟ್ಟಿ ಮೇಲಕ್ಕೇರಿಸುವುದೇ ವರ್ಷವರ್ಷದ ಪದ್ಧತಿಯಾಗಿದೆ.

ಪುಣೆಯಲ್ಲಿನ ಅಂಥದೊಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಗದಗಿನ ಕಡೆಯಿಂದ ನಾಲ್ಕು ದಶಕಗಳ ಹಿಂದೆ ಗಂಡನ ನೌಕರಿಯ ನಿಮಿತ್ತ ಬಂದ ಗೃಹಿಣಿ ಈಗ ವೃದ್ಧೆ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಗ್ಯಾಲರಿಯ ಅರ್ಧ ಜಾಗವನ್ನು ಅತ್ತೆಯ ಕಾಲದ ತಾಮ್ರದ ಹಂಡೆ ಆಕ್ರಮಿಸಿದೆ. ಅಟ್ಟದ ಮೇಲೆ ಯಜಮಾನರ ಉಣ್ಣೆಯ ಕೋಟು, ಕನ್ನಡಕ, ಮಾವನವರ ಲೆಕ್ಕದ ಪುಸ್ತಕಗಳು, ಇಳಕಲ್ಲ ಸೀರೆಗಳು, ಮಕ್ಕಳ ಶಾಲೆಯ ಪಾಟಿ. ಮಗನು ಪ್ರತಿ ದಸರೆಗೂ, "ಇದನ್ನೆಲ್ಲ ತೂಕಕ್ಕೆ ಹಾಕಿಬಿಡೋಣ" ಎನ್ನುತ್ತಾನೆ. ತಾಯಿ ಪ್ರತಿ ದಸರೆಗೂ, "ಇರಲಿ, ಊರಿಗೆ ಹೋದಾಗ ಬೇಕಾಗುತ್ತದೆ" ಎನ್ನುತ್ತಾಳೆ. ಊರಿನ ಮನೆ ಪಾಲಾಗಿ, ಪರಭಾರೆಯಾಗಿ, ಅಲ್ಲೀಗ ಅಂಗಡಿಯ ಸಾಲು ನಿಂತಿದೆಯೆಂಬುದನ್ನು ಇಬ್ಬರೂ ಬಲ್ಲರು. ಆದರೂ ಆ ಮಾತನ್ನು ಆಡಲು ಯಾರಿಗೂ ಧೈರ್ಯವಿಲ್ಲ.

ಇದನ್ನು ಲೋಭವೆಂದು ಕರೆದರೆ ಆ ತಾಯಿಗೆ ಅನ್ಯಾಯವಾದೀತು. ಹಂಡೆಯ ತಾಮ್ರದ ಬೆಲೆ ಅವಳ ಮನಸ್ಸಿನಲ್ಲಿಲ್ಲ. ಹಂಡೆ ಹೋದ ದಿನ ಊರಿಗೆ ಮರಳುವ ಆಸೆಯೂ ಹೋದಂತೆ. ಕೋಟು ಹೋದ ದಿನ ಯಜಮಾನರು ಎರಡನೆಯ ಸಲ ತೀರಿಕೊಂಡಂತೆ. ಪರಸ್ಥಳದಲ್ಲಿ ಬಾಳುವವರ ಸಂಗ್ರಹದ ಮೂಲವು ಬಹುಮಟ್ಟಿಗೆ ಈ ಭಯವೇ ಆಗಿದೆ. ತೂಕಕ್ಕೆ ಹಾಕೋಣವೆನ್ನುವ ಮಗ ವಸ್ತುವನ್ನು ಬರಿಯ ಲೋಹವೆಂದು ಎಣಿಸುತ್ತಾನೆ. ತಾಯಿ ಅದನ್ನು ಜೀವವೆಂದೇ ಎಣಿಸುತ್ತಾಳೆ. ಇವೆರಡರ ನಡುವಣ ದಾರಿಯನ್ನು ಹಿರಿಯರು ತೋರಿಸಿಕೊಟ್ಟಿದ್ದಾರೆ.

ಭಾಗವತದ ಪಂಚಮ ಸ್ಕಂಧದಲ್ಲಿ ಭರತ ಮಹಾರಾಜನ ವೃತ್ತಾಂತ ಬರುತ್ತದೆ. ರಾಜ್ಯ, ಕೋಶ, ಪುತ್ರ, ಕಳತ್ರಗಳನ್ನೆಲ್ಲ ತೃಣದಂತೆ ತ್ಯಜಿಸಿ ಪುಲಹಾಶ್ರಮಕ್ಕೆ ಬಂದ ಆ ರಾಜರ್ಷಿ, ಸಿಂಹದ ಗರ್ಜನೆಗೆ ಬೆದರಿ ಹೊಳೆ ಹಾರಿದ ಗಬ್ಬದ ಜಿಂಕೆಯಿಂದ ಜಾರಿ ನೀರಿಗೆ ಬಿದ್ದ ಮರಿಯೊಂದನ್ನು ಎತ್ತಿ ತಂದನು. ಕಾಪಾಡಿದ್ದು ಧರ್ಮವೇ. ಆದರೆ ಕ್ರಮೇಣ ಜಪತಪಗಳು ಸಡಿಲಿದವು. ಮರಿಯು ಕಣ್ಮರೆಯಾದರೆ ಲೋಕವೇ ಶೂನ್ಯವಾಗುತ್ತಿತ್ತು. ಅಂತ್ಯಕಾಲದಲ್ಲಿಯೂ ಅದನ್ನೇ ನೆನೆದು ಜಿಂಕೆಯಾಗಿಯೇ ಹುಟ್ಟಬೇಕಾಯಿತು. ದೊಡ್ಡ ರಾಜ್ಯವನ್ನು ಬಿಟ್ಟವನಿಗೆ ಪುಟ್ಟ ಮರಿಯನ್ನು ಬಿಡಲಾಗಲಿಲ್ಲ. ಊರು, ಹೊಲ, ಬಂಧುಬಳಗಗಳನ್ನು ಬಿಟ್ಟು ನೂರಾರು ಮೈಲಿ ದೂರ ಬಂದು ಬದುಕು ಕಟ್ಟಿದವರು ಒಂದು ಹಂಡೆಯ ಮುಂದೆ ಸೋಲುವುದರಲ್ಲಿ ಆಶ್ಚರ್ಯವೇನಿದೆ? ಮಮಕಾರವು ವಸ್ತುವಿನ ಗಾತ್ರವನ್ನು ನೋಡುವುದಿಲ್ಲ. ಮಹರ್ಷಿ ಪತಂಜಲಿಯು 5 ಯಮಗಳಲ್ಲಿ ಅಪರಿಗ್ರಹವನ್ನು ಎಣಿಸಿದ್ದು ಸಿರಿವಂತರಿಗಾಗಿ ಮಾತ್ರವೇ ಅಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಯಾವುದನ್ನೂ ಕಾದಿರಿಸಬಾರದೇ? ಕಾದಿರಿಸಬಹುದು ಎಂಬುದಕ್ಕೆ ದಸರೆಯ ಬನ್ನಿಯ ಮರವೇ ಸಾಕ್ಷಿ. 12 ವರ್ಷಗಳ ವನವಾಸವನ್ನು ಮುಗಿಸಿ 1 ವರ್ಷದ ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ವಿರಾಟನಗರದ ಹೊರಗಿನ ಶಮೀವೃಕ್ಷದಲ್ಲಿ ಕಟ್ಟಿಟ್ಟರು. ಯಾರೂ ಮುಟ್ಟದಿರಲೆಂದು ಹೆಣವೊಂದನ್ನೂ ಅಲ್ಲಿ ಕಟ್ಟಿ, ಅದು ತಮ್ಮ ವೃದ್ಧ ಮಾತೆಯ ಶರೀರವೆಂದೂ, ಹೀಗೆ ಮಾಡುವುದು ತಮ್ಮ ಕುಲಾಚಾರವೆಂದೂ ದಾರಿಹೋಕರಿಗೆ ಹೇಳಿದರು. ಅವಧಿ ತೀರಿತು. ಗೋಗ್ರಹಣದ ಸಮಯದಲ್ಲಿ ಬೃಹನ್ನಳೆಯ ವೇಷದ ಅರ್ಜುನನು ಮರವನ್ನು ಹತ್ತೆಂದಾಗ, ಹೆಣವಿರುವ ಮರವನ್ನು ರಾಜಪುತ್ರನಾದ ತಾನು ಮುಟ್ಟುವುದೆಂತು ಎಂದು ಉತ್ತರಕುಮಾರನು ಹಿಂಜರಿದನು. ಗಂಟು ಬಿಚ್ಚಿದಾಗಲಾದರೋ ಗಾಂಡೀವವು ಸೂರ್ಯನಂತೆ ಬೆಳಗಿತು.

ಈ ಕಥೆಯಲ್ಲಿ ಗೃಹಸ್ಥನು ಗಮನಿಸಬೇಕಾದ ಸಂಗತಿ ಒಂದುಂಟು. ಬನ್ನಿಯ ಗಂಟಿಗೆ ಅವಧಿಯಿತ್ತು. ಏತಕ್ಕಾಗಿ ಇಟ್ಟದ್ದು, ಎಂದು ಇಳಿಸತಕ್ಕದ್ದು ಎಂಬುದು ಇಟ್ಟವರಿಗೆ ತಿಳಿದಿತ್ತು. ಅಟ್ಟದ ಗಂಟಿಗೆ ಅವಧಿಯಿಲ್ಲ. ಅವಧಿ ಮೀರಿದ ಗಂಟು ನೋಡುವವರ ಕಣ್ಣಿಗೆ ಹೆಣದಂತೆಯೇ ತೋರುತ್ತದೆ. ಮನೆಯ ಮಕ್ಕಳು ಅದನ್ನು ಮುಟ್ಟಲು ಹೇಸುತ್ತಾರೆ. ಒಳಗಿರುವ ತೇಜಸ್ಸು ಏನೆಂಬುದು ಬಿಚ್ಚದ ಹೊರತು ಅವರಿಗೆ ತಿಳಿಯುವುದೂ ಇಲ್ಲ. ಬಿಚ್ಚಿ ತೋರಿಸಿ, ಇದು ಗಾಂಡೀವವೆಂದು ಹೇಳಬಲ್ಲವರು ಹಿರಿಯರು ಮಾತ್ರ. ಅವರು ಇರುವಾಗಲೇ ಗಂಟು ಇಳಿಯಬೇಕು.

ಇಳಿಸಿದ ಮೇಲೆ ಮಾಡತಕ್ಕದ್ದೇನೆಂಬುದನ್ನು ಪೂಜಾವಿಧಿಯೇ ಕಲಿಸಿದೆ. ಮೃಣ್ಮಯ ಮೂರ್ತಿಯಲ್ಲಿ ದೇವರನ್ನು ಆವಾಹಿಸುತ್ತಾರೆ, ಷೋಡಶೋಪಚಾರಗಳಿಂದ ಅರ್ಚಿಸುತ್ತಾರೆ, ಕಡೆಯಲ್ಲಿ ಉದ್ವಾಸನ ಮಾಡಿ, ದೇವರನ್ನು ಹೃದಯದಲ್ಲಿ ನೆಲೆಗೊಳ್ಳುವಂತೆ ಪ್ರಾರ್ಥಿಸಿ, ತರುವಾಯ ಮೂರ್ತಿಯನ್ನು ನೀರಿಗೆ ಬಿಡುತ್ತಾರೆ. ಹೀಗೆ ಬಿಡುವುದನ್ನು ಯಾರೂ ಅನಾದರವೆಂದು ಭಾವಿಸುವುದಿಲ್ಲ. ಮಣ್ಣನ್ನು ಮಾತ್ರ ಬಿಟ್ಟದ್ದು, ದೇವರನ್ನಲ್ಲ. ಮನೆಯ ವಸ್ತುಗಳಿಗೂ ಇಂಥ ಉದ್ವಾಸನ ಸಲ್ಲಬೇಕು. ಅದರಲ್ಲಿ ನೆಲೆಸಿದ ನೆನಪನ್ನು ಮೊದಲು ಹೃದಯಕ್ಕೆ ತಂದುಕೊಳ್ಳಬೇಕು, ಮಕ್ಕಳಿಗೆ ಹೇಳಬೇಕು, ಕೈಮುಗಿಯಬೇಕು, ಅನಂತರ ಬಿಡಬೇಕು. ಮಗನು ಬಯಸುವುದು ಉದ್ವಾಸನವಿಲ್ಲದ ವಿಸರ್ಜನೆ. ತಾಯಿ ನಡೆಸಿರುವುದು ವಿಸರ್ಜನೆಯಿಲ್ಲದ ಪೂಜೆ. ಎರಡೂ ಅಪೂರ್ಣ.

ಬಿಟ್ಟದ್ದು ಎಲ್ಲಿಗೆ ಹೋಗಬೇಕು? 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಅದನ್ನು ಒಳಗಿಡಲು ಒಪ್ಪಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಹಾಕಿಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಬೇಕಾದುದಕ್ಕಿಂತ ಮಿಗಿಲಾದದ್ದು ತನ್ನದಲ್ಲ, ಇನ್ನೊಬ್ಬರದು ಎಂಬ ಅರಿವು ಆ ಶರಣೆಯದಾಗಿತ್ತು. ಉಪಯೋಗವಿಲ್ಲದೆ ಅಟ್ಟದಲ್ಲಿ ಮಲಗಿರುವ ಕಂಬಳಿಯೂ ಚಳಿಯಲ್ಲಿ ನಡುಗುವ ಯಾರದೋ ಪಾಲೇ ಸರಿ.

ಆದರೆ ಹರಿದದ್ದನ್ನೂ ಮುರಿದದ್ದನ್ನೂ ಬಡವರ ಮೇಲೆ ಹೇರಿ ದಾನವೆನ್ನುವುದು ಸಲ್ಲದು. ಕಠೋಪನಿಷತ್ತಿನ ಬಾಲಕ ನಚಿಕೇತನು, ಹಾಲು ಬತ್ತಿ ಬಡಕಲಾದ ಹಸುಗಳನ್ನು ತಂದೆಯು ದಕ್ಷಿಣೆ ಕೊಡುವುದನ್ನು ಕಂಡೇ ಕಳವಳಗೊಂಡನು. ಉಪಯೋಗಕ್ಕೆ ಬರುವುದು ದಾನಕ್ಕೆ, ಬಾರದ್ದು ವಿಸರ್ಜನೆಗೆ, ನಿತ್ಯದ ಬಾಳಿನಲ್ಲಿ ಕೈಗೆ ಬರುವುದು ಪೂಜೆಗೆ. ಈ ಮೂರು ಪಾಲುಗಳನ್ನು ಮಾಡಲು ಬಾರದಷ್ಟು ಬಿಗಿಯಾದ ಗಂಟು ಯಾವ ಮನೆಯಲ್ಲಿಯೂ ಇರಲಾರದು.

ಪುಣೆಯ ಆ ಮನೆಯಲ್ಲಿ ಒಂದು ದಸರೆಗೆ ಇದೇ ಬಗೆಯಾಗಿ ನಡೆಯಿತೆಂದು ಭಾವಿಸೋಣ. ತಾಯಿ ಹಂಡೆಯನ್ನು ತೊಳೆಸಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡಳು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಊರಿನ ಬಚ್ಚಲಲ್ಲಿ ಇದನ್ನು ಹೇಗೆ ತುಂಬಿಸುತ್ತಿದ್ದರು, ನರಕಚತುರ್ದಶಿಯ ನಸುಕಿನಲ್ಲಿ ಅತ್ತೆ ಹೇಗೆ ಎಣ್ಣೆ ಒತ್ತಿ ಬಿಸಿನೀರು ಹೊಯ್ಯುತ್ತಿದ್ದರು ಎಂಬುದನ್ನೆಲ್ಲ ಹೇಳಿದಳು. ಮಗನೂ ಬಾಗಿಲಲ್ಲಿ ನಿಂತು ಕೇಳಿದನು. ಆ ಕಥೆಗಳಲ್ಲಿ ಅರ್ಧದಷ್ಟು ಅವನಿಗೂ ಹೊಸವು. ಮರುದಿನ ಹಂಡೆಯು ದೇವಾಲಯದ ಪಾಕಶಾಲೆಗೆ ಹೋಯಿತು. ಅಲ್ಲಿ ನಿತ್ಯವೂ ಒಲೆಯ ಮೇಲೇರಿ ಅನ್ನಸಂತರ್ಪಣೆಯ ನೀರು ಕಾಯಿಸುತ್ತದೆ. ಕೋಟು ರಾತ್ರಿಯ ಕಾವಲುಗಾರನ ಹೆಗಲೇರಿತು. ಮಾರ್ಗಶಿರದ ಚಳಿಯಲ್ಲಿ ಕಿಟಕಿಯಿಂದ ಅದನ್ನು ಕಂಡಾಗ ತಾಯಿಯ ಎದೆ ಒಮ್ಮೆ ಝಲ್ಲೆಂದಿತು; ಆಮೇಲೆ, "ಬೆಚ್ಚಗಿದ್ದಾನೆ" ಎಂದು ಸಮಾಧಾನವಾಯಿತು. ಕನ್ನಡಕವೊಂದು ಮಾತ್ರ ದೇವರ ಪುಸ್ತಕಗಳ ಪಕ್ಕದಲ್ಲಿ ಉಳಿಯಿತು. ಅಷ್ಟು ಉಳಿದರೆ ತಪ್ಪಿಲ್ಲ. ಊರಿಗೆ ಮರಳುವುದಿಲ್ಲವೆಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಾಗಲಿಲ್ಲ. ಊರೇ ಮೊಮ್ಮಗಳ ಕಿವಿಯೊಳಕ್ಕೆ ಬಂದು ನೆಲೆಸಿತ್ತು.

ವಿಜಯದಶಮಿಯ ಸಂಜೆ ಕನ್ನಡ ನಾಡಿನಲ್ಲಿ ಬನ್ನಿಯ ಎಲೆಯನ್ನೂ ಮಹಾರಾಷ್ಟ್ರದಲ್ಲಿ ಆಪಟೆಯ ಎಲೆಯನ್ನೂ ಬಂಗಾರವೆಂದು ಹೇಳಿ ಒಬ್ಬರಿಗೊಬ್ಬರು ಕೊಡುತ್ತಾರೆ. ಕಿರಿಯರು ಕೊಟ್ಟು ನಮಸ್ಕರಿಸುತ್ತಾರೆ. ಹಿರಿಯರು ಸ್ವೀಕರಿಸಿ ಹರಸುತ್ತಾರೆ. ಕೈಯಿಂದ ಕೈಗೆ ಹೋಗುವುದರಿಂದಲೇ ಆ ಎಲೆಗೆ ಬಂಗಾರದ ಬೆಲೆ. ಎಲೆ ನಾಲ್ಕು ದಿನಕ್ಕೆ ಒಣಗುತ್ತದೆ. ಕೊಟ್ಟವರ ಪ್ರೀತಿ ಮುಂದಿನ ದಸರೆಯವರೆಗೂ ಹಸಿರಾಗಿರುತ್ತದೆ.

ಬಿಗಿಹಿಡಿದ ಮುಷ್ಟಿಯಲ್ಲಿ ಪ್ರಸಾದವನ್ನು ಸ್ವೀಕರಿಸಲಾಗದು. ಜಗನ್ಮಾತೆಯು ಸಕಲ ಆಸ್ತಿಕರ ಮನೆಯ ಗಂಟುಗಳನ್ನೂ ಮನದ ಗಂಟುಗಳನ್ನೂ ಈ ಪುಣ್ಯದಿನಗಳಲ್ಲಿ ಮೆಲ್ಲನೆ ಸಡಿಲಿಸಲಿ. ಬಿಟ್ಟ ಕೈಗಳನ್ನು ತನ್ನ ಅನುಗ್ರಹದಿಂದ ತುಂಬಲಿ. ಶುಭಂ ಭೂಯಾತ್.