ನೆಲದೊಳಗಿನ ನೀರಿಗೆ ಯಾವ ಪ್ರಮಾಣ?

ಕೋಲಾರದ ಕಡೆ ರೈತರು ನನ್ನನ್ನು ಕರೆಸುವುದು ಒಂದೇ ಪ್ರಶ್ನೆಗೆ: "ಸಾರ್, ಇಲ್ಲಿ ಬೋರ್ ಹಾಕ್ಸಿದ್ರೆ ಎಷ್ಟು ಇಂಚು ನೀರು ಬರ್ತದೆ?" ನೆಲದಡಿ ನೀರು ಇರುವುದು ಒಂದು ಮಾತು, ಪಂಪಿಗೆ ಬರುವುದು ಇನ್ನೊಂದು. ನನ್ನ ವೃತ್ತಿಯ ಕಷ್ಟವೆಲ್ಲ ಈ ಎರಡರ ನಡುವೆ ಇದೆ.

ನಾಲ್ಕು ಲೋಹದ ಗೂಟ ನೆಡುತ್ತೇವೆ. ಹೊರಗಿನ ಎರಡರ ಮೂಲಕ ನೆಲಕ್ಕೆ ಕರೆಂಟು ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ಹೊರಗೂಟಗಳನ್ನು ದೂರ ಸರಿಸಿದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತದೆ. ನಮ್ಮ ಸೀಮೆಯ ನೈಸ್ ಬಂಡೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಅದರ ರೋಧಕತೆ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸಾವಿರ ಓಮ್-ಮೀಟರ್ ದಾಟುತ್ತದೆ. ಅದೇ ಬಂಡೆ ಶಿಥಿಲವಾಗಿ ನೀರು ಕುಡಿದಿದ್ದರೆ ಎಷ್ಟೋ ಕಡೆ ನೂರರೊಳಗೆ ಇಳಿಯುತ್ತದೆ. ನನಗೆ ಪ್ರತ್ಯಕ್ಷವಾಗುವುದು ಮೀಟರಿನ ಅಂಕಿ ಮಾತ್ರ. ಅದರಾಚೆ ನಾನು ಹೇಳುವುದೆಲ್ಲ ಅನುಮಾನ ಪ್ರಮಾಣ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ದಾರಿ.

ನ್ಯಾಯದರ್ಶನದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರದಲ್ಲಿ ಅನುಮಾನದ ವಿರುದ್ಧ ಎತ್ತಿರುವ ಆಕ್ಷೇಪವೊಂದು ನೀರಿಗೆ ಸಂಬಂಧಿಸಿದ್ದೇ. ತುಂಬಿದ ನದಿಯನ್ನು ಕಂಡು ಮೇಲ್ಗಡೆ ಮಳೆಯಾಗಿದೆ ಎನ್ನುತ್ತೀರಿ. ಅಡ್ಡಗಟ್ಟಿದರೂ ನದಿ ತುಂಬುತ್ತದಲ್ಲ, ಹಾಗಾದರೆ ಅನುಮಾನವನ್ನು ನಂಬುವುದು ಹೇಗೆ? ಭಾಷ್ಯಕಾರ ವಾತ್ಸ್ಯಾಯನನ ಉತ್ತರ ನನಗೆ ಬಹಳ ಇಷ್ಟ. ಮಳೆಯಿಂದ ಬಂದ ಪ್ರವಾಹಕ್ಕೆ ರಭಸವಿರುತ್ತದೆ, ನೊರೆಯಿರುತ್ತದೆ. ಎಲೆ, ಹಣ್ಣು, ಕಟ್ಟಿಗೆ ತೇಲಿ ಬರುತ್ತವೆ. ನೀರಿನ ಮಟ್ಟ ಏರಿದ್ದನ್ನಷ್ಟೇ ನೋಡಿ ತೀರ್ಮಾನಿಸಿದರೆ ತಪ್ಪು ಹಾಗೆ ತೀರ್ಮಾನಿಸಿದವನದು, ಅನುಮಾನದ್ದಲ್ಲ.

ಕಡಿಮೆ ರೋಧಕತೆಯೂ ಬರೀ ಏರಿದ ಮಟ್ಟದಂಥದ್ದೇ. ಜೇಡಿಮಣ್ಣೂ ಅದನ್ನೇ ತೋರಿಸುತ್ತದೆ, ಉಪ್ಪುನೀರೂ ಅದನ್ನೇ ತೋರಿಸುತ್ತದೆ. ಜೇಡಿಯೊಳಗೆ ನೀರು ಧಾರಾಳವಾಗಿ ಇರಬಹುದು, ಆದರೆ ಬಿಟ್ಟುಕೊಡುವುದಿಲ್ಲ. ಮರಳಿನ ಕಂಬದ ಮೂಲಕ ನೀರು ಹರಿಸಿ, ಅದು ಎಷ್ಟು ಸಲೀಸಾಗಿ ಸಾಗುತ್ತದೆಂದು ಅಳೆಯುವ ನಿಯಮವನ್ನು ಆನ್ರಿ ಡಾರ್ಸಿ 1856ರಲ್ಲಿ ಕೊಟ್ಟ. ಆ ಸಲೀಸುತನವನ್ನು ಜಲಪದರದ ದಪ್ಪದಿಂದ ಗುಣಿಸಿದರೆ ಪದರದ ಒಟ್ಟು ಸಾಗಣೆ ಸಾಮರ್ಥ್ಯ ಸಿಗುತ್ತದೆ. ರೈತನ 'ಇಂಚು' ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆ. ಕರೆಂಟಿನ ಅಂಕಿಯಿಂದ ಈ ಸಾಮರ್ಥ್ಯಕ್ಕೆ ನೇರ ದಾರಿಯಿಲ್ಲ. ಒಂದು ಕಡೆ ರೋಧಕತೆ ಇಳಿದಂತೆ ನೀರಿನ ಹರಿವು ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಬಿರುಕು ಹೆಚ್ಚು. ಇನ್ನೊಂದು ಕಡೆ ಇಳಿದಂತೆ ಹರಿವೂ ಇಳಿಯುತ್ತದೆ, ಏಕೆಂದರೆ ಅಲ್ಲಿ ಜೇಡಿ ಹೆಚ್ಚು. ಅನುಮಾನಕ್ಕೆ ಆಧಾರವಾದ ನಿಯತ ಸಂಬಂಧವೇ, ಅಂದರೆ ವ್ಯಾಪ್ತಿಯೇ, ತಲೆಕೆಳಗಾಗುತ್ತದೆ. ನೈಯಾಯಿಕರು ಇಂಥ ಕಡೆ 'ಉಪಾಧಿ' ಹುಡುಕುತ್ತಾರೆ, ಅಂದರೆ ಯಾವ ಷರತ್ತು ಇದ್ದಾಗ ಮಾತ್ರ ಈ ಸಂಬಂಧ ನಿಜವಾಗುತ್ತದೆ ಎಂದು.

1981ರಲ್ಲಿ ಶ್ರೀ ನಿವಾಸ್ ಮತ್ತು ಡಿ.ಸಿ. ಸಿಂಘಲ್ ತೋರಿಸಿಕೊಟ್ಟ ದಾರಿಯೂ ಷರತ್ತಿನದೇ. ಒಂದು ಬಾವಿಯಲ್ಲಿ ಪಂಪು ಓಡಿಸಿ ನಿಜವಾದ ಸಾಮರ್ಥ್ಯ ಅಳೆಯಿರಿ, ಅಲ್ಲಿಯ ವಿದ್ಯುತ್ ಅಳತೆಗೆ ಅದನ್ನು ಹೊಂದಿಸಿ. ನೆಲದ ರಚನೆಯೂ ನೀರಿನ ಗುಣವೂ ಹೆಚ್ಚು ಬದಲಾಗದಷ್ಟು ದೂರ ಆ ಸಂಬಂಧವನ್ನು ಒಯ್ಯಬಹುದು. ಬಾವಿ ಪರೀಕ್ಷೆಯಿಲ್ಲದೆ ಬರೀ ಗ್ರಾಫ್ ನೋಡಿ ಇಂಚು ಹೇಳುವವರನ್ನು ನಾನು ಒಪ್ಪುವುದಿಲ್ಲ, ಅವರ ಯಂತ್ರ ಎಷ್ಟೇ ಹೊಸದಾಗಿರಲಿ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ನನಗೆ ಅನುಮಾನವಾಗಿರುವುದು ರೈತನಿಗೆ ಶಬ್ದಪ್ರಮಾಣ, ಅಂದರೆ ನಂಬತಕ್ಕವರ ಮಾತಿನಿಂದ ತಿಳಿಯುವ ದಾರಿ. ಅವನು ಗ್ರಾಫ್ ಓದುವುದಿಲ್ಲ, ನನ್ನ ಮಾತು ನಂಬಿ ಸಾಲ ಎತ್ತುತ್ತಾನೆ. ವಾತ್ಸ್ಯಾಯನ ಹೇಳುವ ಆಪ್ತನು, ಅಂದರೆ ಮಾತು ನಂಬತಕ್ಕವನು, ವಿಷಯವನ್ನು ಸಾಕ್ಷಾತ್ತಾಗಿ ತಿಳಿದವನು, ತಿಳಿದದ್ದನ್ನು ತಿಳಿದಂತೆಯೇ ಹೇಳಬಯಸುವವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೊಂದೇ ಲಕ್ಷಣ ಎನ್ನುತ್ತಾನೆ. ಆದ್ದರಿಂದ ನೀರು ಹುಡುಕಲು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲ ಸುತ್ತುವವರನ್ನು ಜಾತಿ, ಡಿಗ್ರಿ ನೋಡಿ ತಳ್ಳಿಹಾಕಲು ನನಗೆ ಹಕ್ಕಿಲ್ಲ. ಅವರಿಗೂ ನನಗೂ ಪರೀಕ್ಷೆ ಒಂದೇ. ಆದರೆ ಬಂಡೆಯ ಬಿರುಕನ್ನು ನಾವಿಬ್ಬರೂ ಕಂಡಿಲ್ಲ. ಕಾಣದವನು ಆಪ್ತನಾಗುವುದು ಹೇಗೆ? ನನಗೆ ತೋಚುವ ಉತ್ತರವಿಷ್ಟು: ತೀರ್ಮಾನದ ಜೊತೆಗೆ ಉಪಾಧಿಯನ್ನೂ ಹೇಳಬೇಕು. "ಇಲ್ಲಿ ನೀರಿದೆ" ಎನ್ನುವ ಬದಲು, "ಮೇಲಿನ ಶಿಥಿಲ ಪದರ ದಪ್ಪವಾಗಿದೆ, ಅದು ಜೇಡಿಯೂ ಆಗಿರಬಹುದು, ಮೊದಲು ಪಕ್ಕದ ಬಾವಿಯಲ್ಲಿ ಪಂಪು ಓಡಿಸಿ ನೋಡೋಣ" ಎನ್ನಬೇಕು. ಇದನ್ನು ಕೇಳಿ ಬೇರೆಯವರನ್ನು ಹುಡುಕಿಕೊಂಡು ಹೋಗುವ ರೈತರೂ ಇದ್ದಾರೆ. ಹೋಗಲಿ.

ನೀರು ಬಿದ್ದ ದಿನವೂ ಪ್ರಶ್ನೆ ಮುಗಿಯುವುದಿಲ್ಲ. ಜ್ಞಾನ ಸರಿಯೆಂಬುದಕ್ಕೆ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದೇ ಸಾಕ್ಷಿ ಎಂಬುದು ನ್ಯಾಯದ ನಿಲುವು. ಹನ್ನೆರಡನೆಯ ಶತಮಾನದ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಸರಿಯಾದ ಜ್ಞಾನಕ್ಕೆ ನೈಯಾಯಿಕರು ಕೊಡುವ ವ್ಯಾಖ್ಯೆಗಳನ್ನು ಕೆಣಕುತ್ತಾ, ಮುಚ್ಚಿದ ಮುಷ್ಟಿಯಲ್ಲಿ ಐದು ಕವಡೆಯಿವೆ ಎಂದು ಊಹಿಸಿ ಸರಿಯಾದವನನ್ನು ಮುಂದಿಡುತ್ತಾನೆ: ಅವನಿಗೆ ಗೊತ್ತಿತ್ತು ಎನ್ನಬಹುದೇ? ನೂರಡಿಯಲ್ಲಿ ನೀರಿದೆಯೆಂದು ನಾನು ಗುರುತು ಹಾಕಿದ ಕಡೆ ಆರುನೂರು ಅಡಿಯ ಬಿರುಕಿನಿಂದ ನೀರು ಚಿಮ್ಮಿದರೆ ನನ್ನ ಸ್ಥಿತಿಯೂ ಅದೇ. ರೈತನ ಮನೆಯವರೆಲ್ಲ ಕೈಮುಗಿಯುವ ಹೊತ್ತಿಗೆ ನಾನು ಹೇಳಲೇಬೇಕು: ಈ ನೀರು ನಾನು ತೋರಿಸಿದ ಪದರದ್ದಲ್ಲ, ಇದನ್ನು ನಂಬಿ ಪಕ್ಕದ ಹೊಲದಲ್ಲಿ ನಿಮ್ಮ ತಮ್ಮ ಬೋರ್ ಹಾಕಿಸುವುದು ಬೇಡ.