ಅನುಮಾನದ ಸರದಿ

ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೊಂದು ಸಾಲಿದೆ: ‘ಕ್ಯಾಸೆಟ್ 7, ಬಿ ಬದಿ. ಹಾಡುಗಾರ್ತಿಯ ದನಿ ಒಡಕು. ಏರುದನಿಯಲ್ಲಿ ಪದಗಳು ತಿಳಿಯುವುದಿಲ್ಲ.’ ಬರೆದವನು ನಾನೇ. ಬೀಸುವ ಪದಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಹಿರಿಯ ಸಂಗ್ರಾಹಕರೊಬ್ಬರ ಮನೆಯಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಹಳೆಯ ಕ್ಯಾಸೆಟ್ಟುಗಳು ಸಿಕ್ಕಿದ್ದವು. ಹಾಡಿದ ಅಜ್ಜಿ ಈಗ ಇಲ್ಲ. ಕ್ಯಾಸೆಟ್ ಡೆಕ್ ಒಂದನ್ನು ಎರವಲು ತಂದು, ಸಂದರ್ಶನಗಳಿಗೆಂದು ಕೊಂಡಿದ್ದ ಆಡಿಯೋ ಇಂಟರ್‌ಫೇಸಿಗೆ ಅಂಗಡಿಯವರು ಕೊಟ್ಟ ಕೇಬಲ್ಲಿನಿಂದ ಜೋಡಿಸಿದೆ.

ಅಜ್ಜಿಯ ದನಿ ಹರಿದ ಬಟ್ಟೆಯ ಹಾಗೆ ಬಂತು. ಇಂಟರ್‌ಫೇಸಿನ ಮೇಲೆ ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು. ಅದು ಕರೆಂಟಿನ ದೀಪವಿರಬೇಕು ಅಂದುಕೊಂಡೆ. ಕಂಪ್ಯೂಟರಿನಲ್ಲಿ ಫೇಡರ್ ಇಳಿಸಿದೆ. ಪರದೆಯ ಮೀಟರ್ ಹಸಿರಾಯಿತು, ಒಡಕು ಹಾಗೇ ಉಳಿಯಿತು. ಮೀಟರ್ ಹಸಿರಿರುವಾಗ ತಪ್ಪು ಇನ್ನೆಲ್ಲಿರಲು ಸಾಧ್ಯ? ಆ ಸಾಲು ಬರೆದು ಮುಂದಿನ ಕ್ಯಾಸೆಟ್ ಹಾಕಿದೆ.

ಮೂರು ವಾರದ ಮೇಲೆ ಗೆಳೆಯನೊಬ್ಬ ಬಂದ. ಮನೆಯ ಕೋಣೆಯಲ್ಲೇ ಸಣ್ಣ ಸ್ಟುಡಿಯೋ ಮಾಡಿಕೊಂಡು ಭಕ್ತಿಗೀತೆಗಳನ್ನು ರೆಕಾರ್ಡ್ ಮಾಡಿಕೊಡುವವನು. ಹಾಡು ಕೇಳಿದ, ಅಜ್ಜಿಯ ಬಗ್ಗೆ ಏನೂ ಕೇಳಲಿಲ್ಲ. ಬಗ್ಗಿ ಕೇಬಲ್ ನೋಡಿ, “ಇದು ಮೈಕ್ ಹಾಕೋ ಜಾಗ ಕಣೋ. ಇಲ್ಲಿಗೆ ಲೈನ್ ಕೊಟ್ಟಿದ್ದೀಯ” ಅಂದ.

ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದಕ್ಕಾಗಿ ಮೈಕ್ ಇನ್‌ಪುಟ್ಟಿನ ಹಿಂದೆ ಅದನ್ನು ಹಲವು ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್ ಇರುತ್ತದೆ. ಮನೆಬಳಕೆಯ ಡೆಕ್ಕಿನ ಲೈನ್ ಮಟ್ಟ 0.316 ವೋಲ್ಟ್, ಅಂದರೆ ಅದರ ಸುಮಾರು ನೂರು ಪಟ್ಟು. ನನ್ನ ಗೇನ್ ತಿರುಪು ಬೇರೆ ಹಿಂದಿನ ಸಂದರ್ಶನದ ಮೈಕಿಗೆ ಹೊಂದಿಸಿದಲ್ಲೇ ಇತ್ತು. ಅಷ್ಟು ಜೋರು ತಾಳದೆ ದನಿಯ ಅಲೆಗಳ ನೆತ್ತಿ ಅಲ್ಲೇ ಕತ್ತರಿಸಿಹೋಗುತ್ತಿತ್ತು. ನಾನು ಆಮೇಲೆ ಫೇಡರ್ ಇಳಿಸಿದಾಗ ಚಿಕ್ಕದಾದದ್ದು ಆಗಲೇ ನೆತ್ತಿ ಕಳೆದುಕೊಂಡಿದ್ದ ಅಲೆ. ಮೀಟರ್ ಸುಳ್ಳು ಹೇಳಿರಲಿಲ್ಲ. ಅದು ಎತ್ತರವನ್ನಷ್ಟೇ ಅಳೆಯುತ್ತದೆ.

ಅವನು ಬೇರೆ ಕೇಬಲ್ಲಿನಿಂದ ಲೈನ್ ಇನ್‌ಪುಟ್ಟಿಗೆ ಕೊಟ್ಟ. ಈಗ ದನಿ ತೀರಾ ಸಣ್ಣದಾಗಿ ಬಂತು. ಸ್ಟುಡಿಯೋ ಉಪಕರಣಗಳ ಲೈನ್ ಮಟ್ಟ 1.23 ವೋಲ್ಟ್, ಡೆಕ್ ಕೊಡುವುದು ಅದರ ಕಾಲುಭಾಗ. ನಮ್ಮ ಕಡೆಯ ಲೆಕ್ಕದಲ್ಲಿ ಪಾವಿನಲ್ಲಿ ಅಳೆದದ್ದನ್ನು ಸೇರಿಗೆ ಸುರಿದ ಹಾಗೆ. ಗೇನ್ ಏರಿಸಿದಾಗ ಟೇಪಿನ ಸುಯ್ಲೂ ಜೊತೆಗೇ ಏರಿತು. ಆದರೆ ದನಿ ಇಡಿಯಾಗಿತ್ತು. ಒಡಕು ಅಂತ ನಾನು ಬರೆದಿದ್ದ ದನಿ ಕಂಚಿನ ಹಾಗಿತ್ತು. ಅವಳ ಏರುದನಿಯನ್ನು ಬೀಸುಕಲ್ಲಿನ ಸದ್ದಿನ ಮೇಲೆ ಎದ್ದು ಕೇಳುವಂತೆ ಹಾಡಿದ್ದಳು; ಅಡಗಿಹೋಗಿದ್ದ ಪದಗಳೆಲ್ಲ ಅಲ್ಲೇ ಇದ್ದವು.

“ಹಾಗಾದ್ರೆ ಯಾವುದು ಕೆಟ್ಟಿತ್ತು?” ಅಂದೆ.

“ಯಾವುದೂ ಇಲ್ಲ. ಡೆಕ್ ಕೊಡಬೇಕಾದ್ದು ಕೊಡ್ತಿದೆ, ಇದು ತಗೋಬೇಕಾದ್ದು ತಗೋತಿದೆ.”

ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಎರಡೂ ಸರಿಯಿದ್ದು ನಡುವೆ ಕೆಡುಕಾದರೆ ಹೊಣೆ ಯಾರದು? ಜೋಡಿಸಿದವನದು ಎನ್ನಬಹುದು. ನನಗೆ ಗೊತ್ತಿರಲಿಲ್ಲವಲ್ಲ ಎಂದು ನಾನು ವಾದಿಸಬಹುದು, ಅದು ನಿಜವೂ ಹೌದು. ಮಿಲಿವೋಲ್ಟಿನ ಲೆಕ್ಕ ಗೊತ್ತಿಲ್ಲದ್ದು ಪಾಪವಲ್ಲ. ಆದರೆ ಗೊತ್ತಿಲ್ಲದಿದ್ದಾಗ ನಾನು ಮೊದಲು ಯಾರನ್ನು ಅನುಮಾನಿಸಿದೆ? ಗೆಳೆಯ ಕೇಬಲ್ಲಿನಿಂದ ಶುರುಮಾಡಿದ, ಕೈಗೆ ಹತ್ತಿರವಿದ್ದದ್ದು ಅದೇ. ನಾನು ಅಜ್ಜಿಯ ಗಂಟಲಿನಿಂದ ಶುರುಮಾಡಿ ಅಲ್ಲೇ ಮುಗಿಸಿದೆ. ಕೇಬಲ್ ಹೊಸದು, ಇಂಟರ್‌ಫೇಸಿಗೆ ದುಡ್ಡು ಕೊಟ್ಟಿದ್ದೆ, ಅವಳು ಮುದುಕಿ. ಅಜ್ಞಾನಕ್ಕೆ ಕ್ಷಮೆ ಇದ್ದೀತು. ಈ ಸರದಿಗೆ ಇದೆಯೇ ಅಂತ ನನಗೆ ಅನುಮಾನ. ಜನಪದರ ದನಿಗೆ ಕಿವಿಗೊಡುವುದು ಅಂತ ನನ್ನ ಸಂಶೋಧನಾ ಪ್ರಸ್ತಾವನೆಯ ಮೊದಲ ಪುಟದಲ್ಲೇ ಬರೆದಿದ್ದೇನೆ!

ಅದೇ ಬದಿಯ ಮೂರನೆಯ ಹಾಡು ಮರಳಿ ಸಿಗಲಿಲ್ಲ. ಮೊದಲ ಸಲ ಇಳಿಸಿಕೊಂಡು ರಿವೈಂಡ್ ಮಾಡುವಾಗ ಡೆಕ್ ಅಷ್ಟು ಟೇಪನ್ನು ಅಗಿದುಹಾಕಿತ್ತು. ಉಳಿದಿರುವುದು ನನ್ನ ಒಡಕು ಪ್ರತಿ ಮಾತ್ರ. ಕತ್ತರಿಸಿದ ಅಲೆಗಳನ್ನು ಊಹಿಸಿ ತುಂಬುವ ಸಾಫ್ಟ್‌ವೇರ್ ಇದೆ. ಹಾಕಿ ನೋಡಿದೆ. ಕೇಳಲು ಹಿತವಾಗಿದೆ, ಎರಡು ಕಡೆ ಪದವೂ ಕೇಳಿದಂತಾಗುತ್ತದೆ. ಆ ಪದವನ್ನು ಅವಳ ಹೆಸರಿನಲ್ಲಿ ಅಚ್ಚು ಮಾಡಲು ಮಾತ್ರ ಕೈ ಬರುತ್ತಿಲ್ಲ. ಸುಯ್ಲಿರುವ ಪ್ರತಿಯಲ್ಲಿ ಅವಳ ದನಿಯ ಜೊತೆಗೆ ಬೇರೆ ಸದ್ದೂ ಇದೆ, ಅಷ್ಟೇ. ಇದರಲ್ಲಿ ಅವಳದು ಎಷ್ಟು, ಯಂತ್ರದ ಊಹೆ ಎಷ್ಟು ಎಂದು ಬಿಡಿಸಲು ಬರುವುದಿಲ್ಲ.

ಹಳೆಯ ಸಾಲು ಹೊಡೆದುಹಾಕಿ, ‘ರೆಕಾರ್ಡಿಂಗ್ ಕೆಟ್ಟದ್ದು ನನ್ನ ಜೋಡಣೆಯಿಂದ’ ಎಂದು ಅಡಿಟಿಪ್ಪಣಿ ಬರೆದೆ. ಪ್ರಬಂಧದಲ್ಲಿ ಇದೆಲ್ಲ ಬೇಕೇ ಎಂದು ಮಾರ್ಗದರ್ಶಕರು ಅಂಚಿನಲ್ಲಿ ಪ್ರಶ್ನೆ ಹಾಕಿದ್ದಾರೆ. ಇನ್ನೂ ತೆಗೆದಿಲ್ಲ. ಅಜ್ಜಿಯ ಸೊಸೆ ಊರಿನಲ್ಲಿದ್ದಾರಂತೆ. ಮುಂದಿನ ತಿಂಗಳು ಹೋಗಿ ಆ ಒಡಕು ಪ್ರತಿಯನ್ನೇ ಕೇಳಿಸಬೇಕು. ಜೊತೆಯಲ್ಲಿ ಬೀಸಿದವರಿಗೆ ಆ ಪದಗಳು ನೆನಪಿದ್ದರೂ ಇರಬಹುದು.