ಎಂಟು ತೂತಿನ ರಿಮ್

ಎತ್ತಿನ ಗಾಡಿಗೆ ಕಾರಿನ ಗಾಲಿ ಹಾಕುವುದು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಸೋಜಿಗದ ಸಂಗತಿಯಲ್ಲ. ಗುಜರಿಯಲ್ಲಿ ಸಿಕ್ಕ ಜೀಪಿನದೋ ಕಾರಿನದೋ ಅಚ್ಚು ತಂದು, ಒಂದರ ಹಬ್‌ಗೆ ಇನ್ನೊಂದರ ರಿಮ್ ಹೊಂದಿಸಿ ಶೇಂಗಾ ಹೇರುತ್ತಾರೆ. ಎತ್ತಿಗೆ ಎಳೆತ ಹಗುರ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ವಾದಿಸಿದರು. ಇಲ್ಲಿನ ಲೇತ್ ಅಂಗಡಿಗಳು ವಾದಕ್ಕೆ ಕಾಯಲಿಲ್ಲ.

ಅದೇ ಕೈ, ಅದೇ ಡ್ರಿಲ್ ಕಾರಿನ ಕೆಲಸಕ್ಕೆ ಬಂದಾಗ ನನಗೆ ಕಸಿವಿಸಿ ಶುರುವಾಗುತ್ತದೆ. ಮಾರುತಿ 800ರ ನಾಲ್ಕು ಬೋಲ್ಟುಗಳು ನಿಂತಿರುವುದು 114.3 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ. ಸ್ಯಾಂಟ್ರೊದವು 100ರ ಮೇಲೆ. ಸ್ಯಾಂಟ್ರೊ ರಿಮ್ಮನ್ನು 800ಕ್ಕೆ ಕೂರಿಸಬೇಕಾದರೆ ಪ್ರತಿ ತೂತೂ ಏಳು ಮಿಲಿಮೀಟರ್‌ನಷ್ಟು ಹೊರಗೆ ಸರಿಯಬೇಕು. ಸರಿಸಿದರೆ ಹೊಸ ತೂತು ಹಳೆಯದನ್ನೇ ತಿನ್ನುತ್ತದೆ. ಹಾಗಾಗಿ ನಡುನಡುವೆ ಬೇರೆ ನಾಲ್ಕು ಕೊರೆಯುತ್ತಾರೆ. ಕಂಪನಿಯ ತೂತಿನ ಬಾಯಿ ನಟ್ ಕೂರಲೆಂದು ಇಳಿಜಾರಾಗಿರುತ್ತದೆ. ಬರಿಯ ಡ್ರಿಲ್ಲಿಗೆ ಆ ಬಾಯಿ ಬರುವುದಿಲ್ಲ. ಗಾಲಿಯನ್ನು ಹಿಡಿದಿಡುವುದು ಬೋಲ್ಟಿನ ಗಟ್ಟಿತನಕ್ಕಿಂತ ಹೆಚ್ಚಾಗಿ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿದ ಬಿಗಿ. ನಟ್ ಸರಿಯಾಗಿ ಕೂರದಿದ್ದರೆ ಆ ಬಿಗಿ ದಿನದಿನಕ್ಕೆ ಸಡಿಲವಾಗುತ್ತದೆ, ಹೊರಗೆ ಕಾಣದ ಹಾಗೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡಿಗೆ ಅಡ್ಡ ನಿಲ್ಲುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆದರೆ ಕಾನೂನಿಗೆ ವಿರುದ್ಧವಾದದ್ದೆಲ್ಲ ಅನ್ಯಾಯವೂ ಆಗಬೇಕಿಲ್ಲ. ಹೊಸ ರಿಮ್ ಕೊಳ್ಳಲಾರದವನಿಗೆ ಲೇತ್ ಅಂಗಡಿಯೇ ಆಸರೆ.

ಹಾಗಿದ್ದರೆ ತಪ್ಪು ಎಲ್ಲಿದೆ? ಮೊಳಕಾಲ್ಮುರಿನ ಮಗ್ಗದಲ್ಲೂ ಹೊಂದಿಸುವ ಕೆಲಸವೇ: ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ಕೆಟ್ಟರೆ ನಷ್ಟ ನೇಕಾರನದು. ಗಾಡಿಯ ಗಾಲಿ ಸಡಿಲಾದರೆ ಮೊದಲು ಓಲಾಡುತ್ತದೆ, ಕಿರುಗುಡುತ್ತದೆ. ಎತ್ತು ನಡೆಯುವ ವೇಗದಲ್ಲಿ ಗಾಡಿಯವನಿಗೆ ಇಳಿದು ನೋಡುವಷ್ಟು ಪುರುಸೊತ್ತಿರುತ್ತದೆ. ಬಳ್ಳಾರಿ ಹೆದ್ದಾರಿಯಲ್ಲಿ ಎಂಬತ್ತರ ವೇಗದ ಕಾರಿನಿಂದ ಕಳಚಿದ ಗಾಲಿ ಹೋಗಿ ಬಡಿಯುವುದು ಬಸ್ಸಿಗೆ ಕಾದು ನಿಂತವರಿಗೆ. ಲೇತ್ ಅಂಗಡಿಯ ಚೌಕಾಸಿಯಲ್ಲಿ ಅವರ ಮಾತನ್ನು ಯಾರೂ ಕೇಳಿರಲಿಲ್ಲ. ಅಪಾಯವನ್ನು ತಾನೇ ಹೊರುವವನ ಧೈರ್ಯಕ್ಕೂ, ಗೊತ್ತಿಲ್ಲದವರ ತಲೆಗೆ ಹೊರಿಸುವವನ ಧೈರ್ಯಕ್ಕೂ ಒಂದೇ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ತತ್ವಶಾಸ್ತ್ರದ ತರಗತಿಗಳಲ್ಲಿ ಥೀಸಿಯಸ್‌ನ ಹಡಗಿನ ಚರ್ಚೆ ಬರುತ್ತದೆ: ಹಲಗೆಗಳನ್ನೆಲ್ಲ ಬದಲಿಸಿದ ಮೇಲೂ ಅದು ಅದೇ ಹಡಗೇ? ಆ ಹಡಗು ಹತ್ತುವವರಿಗೆ ಹಲಗೆ ಬದಲಾದದ್ದು ತಿಳಿದಿದೆಯೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ರಿಮ್ ಒಬ್ಬನ ಬಳಿಯೇ ಉಳಿಯುವುದಿಲ್ಲ. ಹಳೆಯ ತೂತುಗಳನ್ನು ಬೆಸುಗೆಯಿಂದ ಮುಚ್ಚಿ, ಉಜ್ಜಿ, ಬೆಳ್ಳಿ ಬಣ್ಣ ಹೊಡೆದರೆ ಮೂರನೆಯ ಕೈಗೆ ಹೋಗುವಾಗ ಅದು ಹೊಸದರಂತೆಯೇ ಮಿಂಚುತ್ತದೆ. ಕೊರೆಯುವುದಕ್ಕಿಂತ ಈ ಬಣ್ಣವೇ ದೊಡ್ಡ ತಪ್ಪು ಅನ್ನಿಸಿ, ಪರಿಚಯದ ಲೇತಿನವರೊಬ್ಬರನ್ನು ಕೇಳಿದೆ: ಬದಲಿಸಿದ ರಿಮ್ಮಿನ ಮೇಲೆ ಒಂದು ಗುರುತು ಕೊರೆಯಬಾರದೇ?

ಅವರು ಗಾಜಿನ ಕನ್ನಡಕ ಹಣೆಗೇರಿಸಿ ನಕ್ಕರು. "ಗುರುತು ಹಾಕಿದ್ರೆ ನಾಳೆ ಅದನ್ನ ಯಾರು ತಗಂತಾರಣ್ಣ?"